ಎಮ್ಮಿಗನೂರಾಕಿಯ ಹೆಸರು

ಅಮೆರಿಕದ ಹೆಲೆನ್ ನಮ್ಮ ಗೆಸ್ಟ್ ಹೌಸಿಗೆ ಬಂದು ತಿಂಗಳಾದರೂ ಹಂಪಿಯ ಅರ್ಧ ಗುಡಿಗಳನ್ನೂ ನೋಡಿರಲಿಲ್ಲ. ಮಾಳಿಗೆಯ ಮೇಲೆ ಲ್ಯಾಪ್‌ಟಾಪ್ ತೆರೆದು ತನ್ನ ಹಿರಿಯರನ್ನು ಹುಡುಕುತ್ತ ಕುಳಿತಳೆಂದರೆ ಮುಗಿಯಿತು. ಅಮೆರಿಕ ಇನ್ನೂ ಬ್ರಿಟಿಷರ ಕೈಯಲ್ಲಿದ್ದಾಗ ಜರ್ಮನಿಯಿಂದ ಹಡಗು ಹತ್ತಿ ಪೆನ್ಸಿಲ್ವೇನಿಯಾಕ್ಕೆ ಹೋದ ಯೋಹಾನ್ ಎಂಬ ರೈತ ಅವಳ ವಂಶದ ಮೂಲಪುರುಷ. ಅವನ ಹೊಲ ಸಿಕ್ಕಿತ್ತು, ಗೋರಿ ಸಿಕ್ಕಿತ್ತು. ಜೊತೆಗೆ ಹೋದ ಹೆಂಡತಿಯ ಹೆಸರು ಮಾತ್ರ ಸಿಕ್ಕಿರಲಿಲ್ಲ. ಹಡಗಿನವರು ಗಂಡಸರನ್ನಷ್ಟೇ ಬರೆದುಕೊಂಡಿದ್ದರಂತೆ. ಚರ್ಚಿನವರಿಗೂ ಅವಳು ಬರೀ ‘ಯೋಹಾನನ ಹೆಂಡತಿ’.

“ಹೆಸರು ಸಿಕ್ಕರ ಆಕಿ ಎದ್ದು ಬರ್ತಾಳೇನು?” ಎಂದು ನಾನು ಅವ್ವನ ಮುಂದೆ ನಗುತ್ತಿದ್ದೆ.

ಮೊನ್ನೆ ಬೆಳಿಗ್ಗೆ ಇಡ್ಲಿ ಒಯ್ದಾಗ ಹೆಲೆನ್ ಅಳುತ್ತಿದ್ದಳು. ಪಕ್ಕದ ಹೊಲದವರ ಕೂಸಿನ ನಾಮಕರಣಕ್ಕೆ ಸಾಕ್ಷಿ ನಿಂತಿದ್ದ ಹೆಂಗಸೇ ಯೋಹಾನನ ಹೆಂಡತಿ ಎಂದು ಪತ್ತೆಯಾಗಿತ್ತು. ಅಲ್ಲಿ ಹೆಸರೂ ಬರೆದಿತ್ತು, ಆನಾ ಬಾರ್ಬರಾ. ಸ್ವಂತ ಮನೆತನದಲ್ಲಿ ಸಿಗದಿದ್ದಾಗ ನೆರೆಹೊರೆಯವರ ಕೂಸುಗಳ ದಾಖಲೆಗಳನ್ನೆಲ್ಲ ಜಾಲಾಡಿದ್ದಳು ಪುಣ್ಯಾತ್ಗಿತ್ತಿ. ಆ ಹಟಕ್ಕೆ ಕೈ ಮುಗಿಯಬೇಕೆನಿಸಿತು.

ಕಣ್ಣೊರೆಸಿಕೊಂಡು, ನಿನ್ನ ಅಜ್ಜಿಯ ಹೆಸರೇನು ಎಂದು ಕೇಳಿದಳು. ತಾಯಿಯ ತಾಯಿ ಜಂಬಮ್ಮ ಎಂದೆ. ಅಪ್ಪನ ತಾಯಿ? ನನಗೆ ಗೊತ್ತಿರಲಿಲ್ಲ. ನಾನು ಕೈಗೂಸಾಗಿದ್ದಾಗಲೇ ಅಪ್ಪ ತೀರಿಕೊಂಡು, ಅವ್ವ ನನ್ನನ್ನು ಎತ್ತಿಕೊಂಡು ಪಾಪಿನಾಯಕನಹಳ್ಳಿಯ ತವರಿಗೆ ಬಂದಿದ್ದಳು. ಆ ಅಜ್ಜಿ ನಮ್ಮ ಮಾತಿನಲ್ಲಿ ಯಾವಾಗಲೂ ‘ಎಮ್ಮಿಗನೂರಾಕಿ’. ಹುಟ್ಟಿದ ಊರೇ ಅವಳ ಹೆಸರಾಗಿತ್ತು. ಇನ್ನೂರೈವತ್ತು ವರ್ಷದ ಹಿಂದಿನವಳನ್ನು ಈಕೆ ಹುಡುಕಿ ತಂದಳು, ನನಗೆ ಎರಡು ತಲೆಮಾರಿನ ಹಿಂದಿನವಳು ಗೊತ್ತಿಲ್ಲ. ಭಾರೀ ನಾಚಿಕೆಯಾಯಿತು.

ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದ ಅವ್ವನ ಮುಂದೆ ಹೋಗಿ ಕುಳಿತೆ.

“ಅವ್ವಾ, ಎಮ್ಮಿಗನೂರಾಕಿ ಹೆಸರೇನು?”

“ಅತ್ತಿ ಹೆಸರು ಹೇಳಬಾರ್ದು.”

“ಆಕಿ ಸತ್ತು ಎಷ್ಟ್ ವರ್ಷಾತು.”

“ಸತ್ತರ ಅತ್ತಿ ಅಲ್ಲೇನು?”

ನನಗೆ ಸಿಟ್ಟು ನೆತ್ತಿಗೇರಿತು. “ನನ್ನೂ ಒಂದಿನ ಹೆಸರು ಹಿಡದು ಕರದಿಲ್ಲ ನೀನು. ಊರೆಲ್ಲ ಎರ್ರೆಮ್ಮ ಅಂದ್ರ ನೀನೊಬ್ಬಾಕಿ ಚಿನ್ನಿ, ಚಿನ್ನಿ. ಬ್ಯಾಡಾದ ಹೆಸರು ಯಾಕ ಇಟ್ಟಿ?” ಚಿಕ್ಕಂದಿನಿಂದಲೂ ನನಗೆ ಇದೇ ಸಿಟ್ಟು.

ಅವ್ವ ಕೈಯಲ್ಲಿದ್ದ ಮೆಣಸಿನಕಾಯಿ ಕೆಳಗಿಟ್ಟಳು.

“ಬ್ಯಾಡಾಗಿದ್ರ ಇಡ್ತಿದ್ನೇನು? ನೀ ಹುಟ್ಟೋಕಿಂತ ಮೊದಲ ಆಕಿ ಹೋದ್ಲು. ನನ್ನ ಹಡದ ಮಗಳಂಗ ನೋಡ್ಕೊಂಡಿದ್ಲು. ಅದಕ್ಕ ನಾನೇ ಹಟ ಮಾಡಿ ಇಟ್ಟೆ. ಇಟ್ಟೆ, ಕರಿಯಾಕ ಬಾಯಿ ಬರಲಿಲ್ಲ.” ಮತ್ತೆ ಮೆಣಸಿನಕಾಯಿಯ ಮೊರಕ್ಕೆ ಕೈ ಹಾಕಿದಳು. “ಹೋಗು, ಮ್ಯಾಲಿರಾಕಿಗೆ ನಿನ್ನ ಹೆಸರ ಹೇಳು. ನನ್ನ ಬಾಯಿಂದ ಹೇಳಸಬ್ಯಾಡ.”

ಮಾಳಿಗೆ ಹತ್ತಿ ಹೆಲೆನ್ ಮುಂದೆ ನಿಂತೆ. “ಎರ್ರೆಮ್ಮ,” ಎಂದೆ.

ಅದು ನಿನ್ನ ಹೆಸರಲ್ಲವೇ ಎಂದಳು. ಅಪ್ಪನ ತಾಯಿಯದೂ ಅದೇ ಎಂದೆ. ಅಷ್ಟರಲ್ಲಿ ಕೆಳಗಿನಿಂದ ಅವ್ವ ಕೂಗಿದಳು, “ಚಿನ್ನಿ, ಮೆಣಸಿನಕಾಯಿ ಇನ್ನೂ ಅರ್ಧ ಉಳದಾವು, ಜಲ್ದಿ ಬಾ.”

ಆ ಕರೆಗೆ ನಾನು ಮೊದಲ ಸಲ ಸಿಟ್ಟಿಲ್ಲದೆ ಓಗೊಟ್ಟೆ.