ಹೃದಯಕ್ಕೆ ತೇಪೆ ಹಾಕ್ತೀವಿ ಅಂದವರು

ಕೈಯಲ್ಲಿರುವ ಕೆಲಸ ಆಚೆ ಇಟ್ಟು ಇದನ್ನು ಪೂರ್ತಿ ಕೇಳಿ. ಇಂಥ ಮಾತು ನಾಳೆ ನಿಮ್ಮ ಬಾಗಿಲಿಗೂ ಬರಬಹುದು!

ನಮ್ಮ ಬೀದಿಯ ದರ್ಜಿಗೆ ಹೃದಯಾಘಾತವಾಗಿತ್ತು. ಜೀವ ಉಳಿಯಿತು, ಹೃದಯ ಮಾತ್ರ ಸೋತಿತ್ತು. ಹೊಲಿಗೆ ಮಷೀನು ಸ್ವಲ್ಪ ತುಳಿದರೂ ಏದುಸಿರು. ಆಗ ಬಂದ ಯಾವುದೋ ಕ್ಲಿನಿಕ್ಕಿನ ಒಬ್ಬ ಏಜೆಂಟು. ಸ್ಟೆಮ್ ಸೆಲ್, ಅಂದರೆ ಕಾಂಡಕೋಶದ ಇಂಜೆಕ್ಷನ್ ತೆಗೆದುಕೊಂಡರೆ ಹೃದಯ ಹೊಸದಾಗುತ್ತದೆ, ಮಾತ್ರೆಗಳೆಲ್ಲ ಕಸದ ಬುಟ್ಟಿಗೆ ಎಂದ.

ಹರಿದಲ್ಲಿ ತೇಪೆ ಹಾಕುವ ದರ್ಜಿಗೆ ಇದು ಸಲೀಸಾಗಿ ಒಪ್ಪಿಗೆಯಾಯಿತು. ಅಂದೇ ಮಾತ್ರೆ ಬಿಟ್ಟ. ಇಂಜೆಕ್ಷನ್ನಿನ ಖರ್ಚಿಗೆ ಅಂಗಡಿ ಮಾರುವ ಮಾತೂ ಎತ್ತಿದ. ಗಂಡ ಮೊದಲಿನಂತಾಗಲಿ ಎಂಬ ಆಸೆಗೆ ಹೆಂಡತಿಯೂ ತಲೆಯಾಡಿಸಿದಳು. ಆದರೆ ಕೆಲವೇ ದಿನಕ್ಕೆ ಅವನ ಪಾದ ಊದಿದ್ದು ಕಂಡದ್ದೇ ಪಕ್ಕದ ಮನೆಯ ನರ್ಸಮ್ಮನನ್ನು ಕೂಗಿದಳು.

"ಏನಣ್ಣಾ, ಡಾಕ್ಟರಿಗೆ ಹೇಳ್ದೆ ಮಾತ್ರೆ ಬಿಟ್ರಾ?"

"ಹೊಸ ಬಟ್ಟೆ ಬರ್ತಿರೋವಾಗ ಹಳೇದಕ್ಕೆ ಯಾಕಮ್ಮ ಇಸ್ತ್ರಿ?"

"ಕಾಂಡಕೋಶ ಸುಳ್ಳಲ್ಲ. ಅದ್ರಿಂದ ಸೋತ ಹೃದಯ ಸರಿಯಾಗುತ್ತಾ ಅಂತ ವಿಜ್ಞಾನಿಗಳು ಹುಡುಕ್ತಾನೇ ಇದ್ದಾರೆ. ಆದ್ರೆ ಇನ್ನೂ ಪರೀಕ್ಷೆ ನಡೀತಿದೆ, ಖಾತ್ರಿ ಆಗಿಲ್ಲ. ನೀವು ಕೋಟಿಗೆ ಕಚ್ಚಾ ಹೊಲಿಗೆ ಹಾಕಿ ತೊಡಿಸಿ ನೋಡ್ತೀರಲ್ಲ, ಅದಕ್ಕೆ ಗಿರಾಕಿ ಹತ್ರ ದುಡ್ಡು ಇಸ್ಕೋತೀರಾ?"

"ಛೆ! ಸರಿ ಕೂರುತ್ತೋ ಇಲ್ವೋ ನನಗೇ ಗೊತ್ತಿರಲ್ಲ. ಯಾವ ಮುಖ ಇಟ್ಕೊಂಡು ಕೇಳ್ಲಿ?"

ಅಂದ ದರ್ಜಿಗೆ, ತಾನೇ ಒಂದು ಕಚ್ಚಾ ಹೊಲಿಗೆಗೆ ಅಂಗಡಿ ಮಾರಹೊರಟದ್ದು ಹೊಳೆಯಿತು. ಹೆಂಡತಿಗಂತೂ ಸಿಟ್ಟು ನೆತ್ತಿಗೇರಿತ್ತು. ಏಜೆಂಟನ್ನು ಏನೇನು ಕೇಳಬೇಕೆಂದು ನರ್ಸಮ್ಮನಿಂದ ತಿಳಿದುಕೊಂಡಳು.

ಅಷ್ಟರಲ್ಲಿ ಏಜೆಂಟು ಮುಂಗಡಕ್ಕೆ ಬಂದ. ಅವಳು ಹೊಸಿಲಿಗೆ ಅಡ್ಡ ನಿಂತಳು.

"ಈ ಪರೀಕ್ಷೆ ಎಲ್ಲಿ ನೋಂದಣಿಯಾಗಿದೆ? ರೋಗಿಗಳ ಹಿತ ನೋಡಿ ಒಪ್ಪಿಗೆ ಕೊಟ್ಟ ನೀತಿ ಸಮಿತಿ ಯಾವ್ದು? ಇವರಿಗೇನಾದ್ರೂ ಆದ್ರೆ ಯಾರು ಹೊಣೆ?"

"ಅಕ್ಕಾ, ನಂಬಿಕೆ ಇರ್ಬೇಕು. ಆಮೇಲೆ ಅತ್ರೆ ಬರಲ್ಲ ನೋಡಿ."

"ಹೆದರಿಸ್ಬೇಡ ಕಣಪ್ಪಾ! ನನ್ನ ಗಂಡನ ಎದೆ ನಿನ್ನ ವ್ಯಾಪಾರದ ಅಂಗಡಿ ಅಲ್ಲ. ನಡಿ!"

"ಲೇ, ನನಗೂ ಬೈಯೋಕೆ ಸ್ವಲ್ಪ ಬಿಡೇ!" ದರ್ಜಿ ಒಳಗಿಂದ ಕೂಗಿದ.

ಏಜೆಂಟು ಕಾಲ್ಕಿತ್ತ. ಗಂಡ ಹೆಂಡತಿ ಆಗಲೇ ಆಟೋ ಹತ್ತಿ ಡಾಕ್ಟರ ಬಳಿ ಹೋದರು. ಅವರು ಹೇಳಿದಂತೆ ಮಾತ್ರೆ ಮತ್ತೆ ಶುರುವಾಯಿತು, ಊತ ಇಳಿಯಿತು. ಹೃದಯ ಹೊಸದಾಗಿಲ್ಲ, ನಿಜ. ಆದರೆ ದರ್ಜಿ ನಮ್ಮ ನಡುವೆ ಇದ್ದಾನೆ, ಮೆಲ್ಲಗೆ ಹೊಲಿಯುತ್ತಿದ್ದಾನೆ.

ಸಂಶೋಧನೆಗೆ ಬೆನ್ನು ತಿರುಗಿಸಬೇಡಿ. ಭರವಸೆ ಮಾರುವವರಿಗೆ ತಲೆಬಾಗಲೂ ಬೇಡಿ. ಗಟ್ಟಿಯಾಗಿ ಪ್ರಶ್ನೆ ಕೇಳಿ. ನಿಮ್ಮ ಡಾಕ್ಟರನ್ನು ಕೇಳದೆ ಒಂದು ಮಾತ್ರೆಯನ್ನೂ ಬಿಡಬೇಡಿ.

ಈಗ ಹೇಳಿ, ನಿಮ್ಮ ಮನೆಯವರು ಒಳಗೆ ಏದುಸಿರು ಬಿಡುತ್ತಿರುವಾಗ ಆ ಏಜೆಂಟು ನಿಮ್ಮ ಹೊಸಿಲಲ್ಲಿ ನಿಂತಿದ್ದರೆ ನೀವೇನು ಮಾಡುತ್ತಿದ್ದಿರಿ?