ಎಡಗಡೆ ಸೀಟು

ಮುರಳಿಮೋಹನ್ ಹನ್ನೊಂದನೆಯ ಸಲ ಸ್ಟಾರ್ಟ್ ಗುಂಡಿ ಒತ್ತಿದ. ಡ್ಯಾಶ್‌ಬೋರ್ಡಿನಲ್ಲಿ ನೀಲಿ ದೀಪಗಳು ಹತ್ತಿದವು, ಮೂಲೆಯಲ್ಲೊಂದು ಕೆಂಪು ದೀಪ ಮಿಟುಕಿತು. ಎಂಜಿನ್ ಮಾತ್ರ ಕೆಮ್ಮಲೂ ಇಲ್ಲ.

"ಏನ್ರಪ್ಪಾ ಅಳಿಯಂದ್ರೇ, ದಿನಾ ಕಾರಲ್ಲೇ ಓಡಾಡ್ತೀರ, ಇದೊಂದು ಆಗಲ್ವಾ ನಿಮ್ ಕೈಲಿ?" ಎಂದು ಚಲಪತಿ ಗೇಟಿನಾಚೆಯಿಂದ ಕೂಗಿದ.

"ಕಾರಾಗಿದ್ರೆ ಓಡಿಸ್ತಿದ್ದೆ ದೊಡ್ಡ ಮಾವ. ಇದು ಏನು ಅಂತ್ಲೇ ಗೊತ್ತಾಗ್ತಿಲ್ಲ."

ಅಳಿಯನ ಮಾತಿನಲ್ಲಿ ತಪ್ಪಿರಲಿಲ್ಲ. ಹೊರಗಿನಿಂದ ನೋಡಿದರೆ ಅದು ಎಪ್ಪತ್ತನಾಲ್ಕನೇ ಇಸವಿಯ ಬಿಳಿ ಅಂಬಾಸಿಡರ್. ಒಳಗೆ ಹಳೆಯದು ಅಂತ ಉಳಿದಿದ್ದು ಬಾಗಿಲಿನ ಹಿಡಿಗಳು ಮಾತ್ರ. ಎಂಜಿನ್ನೂ ಗೇರ್‌ಬಾಕ್ಸೂ ಎಲ್ಲೋ ಪಲ್ಟಿ ಹೊಡೆದ ಹೊಸ ಜೀಪಿನವು, ಸ್ಟಿಯರಿಂಗ್ ಇನ್ನಾವುದರದೋ, ಸೀಟುಗಳು ಮತ್ತಾವುದರವೋ. ಕ್ಲಚ್ ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ, ಗೇರು ಆಟೋಮ್ಯಾಟಿಕ್. ಅದು ಪಾರ್ಕಿಂಗಿನಲ್ಲಿ ಕಚ್ಚಿಕೊಂಡಿತ್ತು. ಎಂಜಿನ್ ಹತ್ತದೆ ಗೇರು ಬಿಡದು, ಗೇರು ಬಿಡದೆ ಚಕ್ರ ಉರುಳದು. ಹನ್ನೆರಡು ಜನ ಸೇರಿ ನೂಕಿದ್ದೂ ಆಗಿತ್ತು.

ಇಷ್ಟನ್ನೆಲ್ಲ ಜೋಡಿಸಿದ ಮುನಿವೆಂಕಟಪ್ಪ, ಆ ಊರಿನ ವಾಟರ್‌ಮನ್, ಅಂಗಳದ ಬೆಂಚಿನ ಮೇಲೆ ಹಾರ ಹಾಕಿಸಿಕೊಂಡು ಮಲಗಿದ್ದ. ನೆನ್ನೆ ಸಂಜೆ ಕಾರನ್ನು ಹೊರಗೆ ತೆಗೆಯುತ್ತಿದ್ದವನು ಸರಿಯಾಗಿ ಗೇಟಿನ ನಡುವೆ ನಿಲ್ಲಿಸಿ, ಗೇರು ಪಾರ್ಕಿಂಗಿಗೆ ಹಾಕಿ, ಸ್ಟಿಯರಿಂಗಿನ ಮೇಲೆ ತಲೆಯಿಟ್ಟಿದ್ದ. ಸಾಯುವಾಗಲೂ ಗಾಡಿಯ ಯೋಚನೆಯೇ. ಬಲಗಡೆಯ ಬಾಗಿಲು ಕಲ್ಲುಕಂಬಕ್ಕೆ ಒತ್ತಿಕೊಂಡಿತ್ತು. ಎಡಗಡೆ ಒಬ್ಬ ಮನುಷ್ಯ ಅಡ್ಡಡ್ಡ ತೂರುವಷ್ಟು ಸಂದು. ಅವನನ್ನು ಹೊರಗೆ ತೆಗೆದದ್ದೂ ಆ ಎಡಬಾಗಿಲಿನಿಂದಲೇ. ಈಗ ನಾಲ್ಕು ಜನ ಹೊರುವ ಚಟ್ಟ ಆ ಸಂದಿನಲ್ಲಿ ಹೋಗುವುದೆಂತು? ಮೂರು ಗಂಟೆಯಾಗಿತ್ತು. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕು.

"ಹಿಂದ್ಗಡೆ ಗೋಡೆ ಮೇಲಿಂದ ಎತ್ತಿ ಇಳಿಸ್ಕೊಂಬಿಡಣ," ಎಂದ ಚಲಪತಿ. ಅವನು ಸತ್ತವನ ಅಣ್ಣ; ಯಾವುದೇ ಕೆಲಸಕ್ಕೂ ಅಡ್ಡದಾರಿ ಅವನಿಗೆ ಮೊದಲು ಕಾಣುತ್ತಿತ್ತು.

ಹೆಣದ ತಲೆದೆಸೆಯಲ್ಲಿ ಕೂತಿದ್ದ ಮುದುಕಿ ಅಕ್ಕಯಮ್ಮ ದೀಪಕ್ಕೆ ಎಣ್ಣೆ ಬಿಡುತ್ತಾ ತಲೆಯೆತ್ತಿದಳು. "ಗೋಡೆ ಹಾರಿಸಾಕೆ ಅವನೇನು ಕಳ್ಳನೇನೋ? ಊರಿಗೆಲ್ಲ ನೀರು ಬಿಟ್ಟೋನು. ಮುಂದ್ಲ ಬಾಗ್ಲಿಂದ್ಲೇ ಹೋಗ್ಬೇಕು."

"ಹಂಗಾದ್ರೆ ಜೆಸಿಬಿ ಕರ್ಸಿ ಕಾರೆತ್ತಿ ಬಿಸಾಕಣ."

"ಕಂಬಾನೂ ಬೀಳ್ತದೆ, ಗೋಡೇನೂ ಬೀಳ್ತದೆ. ನೀನೇ ಕಟ್ಟಿಸ್ಕೊಡ್ತೀಯಾ?"

ಮಂಗಮ್ಮ ಗಂಡನ ಕಾಲ ಬಳಿ ಗೋಡೆಗೊರಗಿ ಕೂತಿದ್ದಳು. ಬೆಳಗಿನಿಂದ ಅತ್ತಿದ್ದು ಕಡಿಮೆ, ಕಾರನ್ನು ದುರುಗುಟ್ಟಿ ನೋಡಿದ್ದು ಹೆಚ್ಚು. ಕಡೆಗೆ ತಡೆಯಲಾಗದೆ ಹೇಳಿದಳು: "ಇದ್ದಾಗ ಅಡ್ಡ, ಸತ್ತಾಗ್ಲೂ ಅಡ್ಡ. ಥೂ, ಇದರ ವಂಶ ಸುಡ."

* * *

ಮನೆ ಭಾಗವಾದಾಗ ಅಣ್ಣ ಬೋರ್‌ವೆಲ್ ಇಟ್ಟುಕೊಂಡ, ಅಪ್ಪನ ಕಾರನ್ನು ತಮ್ಮ ಇಟ್ಟುಕೊಂಡ. ನಗರಗೆರೆ ಹೋಬಳಿಯಲ್ಲಿ ಈ ಸುದ್ದಿ ಕೇಳಿ ನಗದವರಿಲ್ಲ. ಸ್ವಂತಕ್ಕೆ ನೀರಿಲ್ಲದವನು ಪಂಚಾಯ್ತಿಯ ನೀರು ಬಿಡುವ ಕೆಲಸಕ್ಕೆ ಸೇರಿದ.

ಮಗಳು ಮಾಲಾ ಹುಟ್ಟಿದ ಮೇಲೆ ವಿದುರಾಶ್ವತ್ಥದಲ್ಲಿ ನಾಗರಕಲ್ಲು ಪ್ರತಿಷ್ಠೆ ಮಾಡಿಸುವ ಹರಕೆಯಿತ್ತು. ಅದನ್ನು ತೀರಿಸಿಕೊಂಡು ಬರುವಾಗ ಆ ಕಾರು ಗೌರಿಬಿದನೂರು ದಾಟಿ ಬಟ್ಟಬಯಲಲ್ಲಿ ನಿಂತಿತು. ಯುಗಾದಿಯ ಆಸುಪಾಸಿನ ಮಧ್ಯಾಹ್ನ. ಅಷ್ಟರಲ್ಲಾಗಲೇ ಮಂಗಮ್ಮನ ರೇಷ್ಮೆ ಸೀರೆಯನ್ನು ಸೀಟಿನ ಸ್ಪ್ರಿಂಗು ಕಚ್ಚಿ ಹರಿದಿತ್ತು. ಎಂಜಿನ್ನಿನ ಶಾಖಕ್ಕೆ ಅಂಗಾಲು ಕೆಂಪೇರಿತ್ತು. ಸದ್ದಿಗೆ ಮಗು ಹೆದರಿ ಅತ್ತೂ ಅತ್ತೂ ನೀಲಿಗಟ್ಟಿತ್ತು.

"ಇಳಿದು ಒಸಿ ನೂಕು," ಎಂದಿದ್ದ ಅವನು.

ಮಂಗಮ್ಮ ಇಳಿದಳು. ನೂಕಲಿಲ್ಲ. ಮಗುವನ್ನು ಸೊಂಟಕ್ಕೇರಿಸಿ ರಸ್ತೆ ಹಿಡಿದಳು.

"ಏ, ಎಲ್ಲಿಗೆ?"

"ಮನೆಗೆ. ನಾಗಪ್ಪನ ಆಣೆಗೂ ಇನ್ನು ಈ ಗಾಡಿಗೆ ಕಾಲಿಡಲ್ಲ. ಸ್ಪ್ರಿಂಗು ಚುಚ್ಚುತ್ತೆ, ಕಾಲು ಸುಡುತ್ತೆ, ಕಿವಿ ಒಡೆಯುತ್ತೆ, ಮೇಲಿಂದ ನೂಕ್ಬೇಕು ಬೇರೆ! ನೀನೂ ನಿನ್ನ ಕಾರೂ ಸಂಸಾರ ಮಾಡ್ಕೊಳ್ಳಿ."

ಬಸ್ಸು ಸಿಗುವ ಹೊತ್ತಿಗೆ ಎಂಟು ಕಿಲೋಮೀಟರು ನಡೆದಿದ್ದಳು. ಆಡಿದ ಮಾತಿನಂತೆ ಆಮೇಲೆ ಇಪ್ಪತ್ತೈದು ವರ್ಷ ಆ ಕಾರಿಗೆ ಕಾಲಿಡಲಿಲ್ಲ. ಮಗಳ ಮದುವೆಗೂ ಟೆಂಪೋದಲ್ಲೇ ಹೋದಳು.

ಅವನೋ, ಅವಳು ಆಡಿದ ಮಾತಿನಂತೆಯೇ ಕಾರಿನ ಜೊತೆ ಸಂಸಾರ ಮಾಡಿದ. ಬೆಳಿಗ್ಗೆ ವಾಲ್ವು ತಿರುಗಿಸಿ ನೀರು ಬಿಟ್ಟು ಬಂದರೆ ಉಳಿದ ಹೊತ್ತೆಲ್ಲ ಕಾರಿನ ಕೆಳಗೆ. ವಾರಕ್ಕೊಮ್ಮೆ ಚಿಂತಾಮಣಿಯ ಗುಜರಿಗೆ ಹೋಗಿ ಏನಾದರೊಂದು ಹೊತ್ತು ತರುತ್ತಿದ್ದ. ಅಡುಗೆಮನೆಯ ಒರಳಿನ ಮೇಲೆ ಆರು ತಿಂಗಳು ಗೇರ್‌ಬಾಕ್ಸ್ ಕೂತಿತ್ತು. ಹೊಸ ಎಂಜಿನ್ ಹಿಡಿಸದೆ ಮುಂದಿನ ತಗಡು ಕೊಯ್ದ, ಹೊಸ ಗೇರ್‌ಬಾಕ್ಸ್ ಹಿಡಿಸದೆ ನೆಲ ಕೊಯ್ದ. ಒಂದು ಕೂಡಿಸಿದರೆ ಇನ್ನೊಂದು ಕೂಡದು. "ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು ಅಂದಂಗಾಯ್ತು, ಬಿಟ್ಟಾಕಯ್ಯ," ಎಂದು ಮಂಗಮ್ಮ ಗೋಗರೆದಳು, ಬೈದಳು, ಎರಡು ದಿನ ಊಟ ಹಾಕದೆಯೂ ನೋಡಿದಳು.

"ಒಂದೇ ಒಂದು ಸಣ್ಣ ಕೆಲ್ಸ ಬಾಕಿ ಐತೆ," ಎನ್ನುತ್ತಿದ್ದ. ಯಾವಾಗ ಕೇಳಿದರೂ ಅದೇ.

ಈಚೆಗೆ ಎರಡು ವರ್ಷದಿಂದ ಇನ್ನೊಂದು ಹುಚ್ಚು ಹತ್ತಿತ್ತು. ಎಡಗಡೆ ಸೀಟಿನಲ್ಲಿ ರಾಗಿ ಮೂಟೆ ಕೂರಿಸಿ, ಅದಕ್ಕೆ ಬೆಲ್ಟ್ ಹಾಕಿಕೊಂಡು ಓಡಾಡುತ್ತಿದ್ದ. ಊರ ಹುಡುಗರು "ಅತ್ತಿಗಮ್ಮ ಎಲ್ಲಿಗೆ ಹೊರಟ್ರು?" ಎಂದು ಮೂಟೆಯನ್ನು ಕೇಳುತ್ತಿದ್ದರು. ಮಂಗಮ್ಮನಿಗೆ ತಲೆ ಎತ್ತಿ ಓಡಾಡುವುದೇ ಕಷ್ಟವಾಗಿತ್ತು.

* * *

ನಾಲ್ಕೂವರೆಗೆ ಚಿಂತಾಮಣಿಯ ಕನಕರಾಜ್ ಬಂದ. ಗುಜರಿ ಬೀದಿಯಲ್ಲಿ ಕಾರುಗಳ ವೈರಿಂಗ್ ಮಾಡುವವನು, ಮುನಿವೆಂಕಟಪ್ಪನ ಹುಚ್ಚಿಗೆ ಜೊತೆಗಾರ. ಹಾರ ಹಿಡಿದುಕೊಂಡು ಸಂದಿನಲ್ಲಿ ತೂರಿ ಒಳಬಂದು, ಹೆಣಕ್ಕೆ ಹಾಕಿ, ಕಣ್ಣೊರೆಸಿಕೊಂಡ.

ಮಂಗಮ್ಮನ ಸಿಟ್ಟಿಗೆ ಒಂದು ಮುಖ ಸಿಕ್ಕಿತು. "ಬಾರಪ್ಪಾ, ಬಾ. ಇಬ್ರೂ ಸೇರಿ ಮಾಡಿರೋ ಘನಂದಾರಿ ಕೆಲ್ಸ ನೋಡು. ಹೆಣ ಆಚೆಗೆ ಹೋಗ್ತಿಲ್ಲ."

ಕನಕರಾಜ್ ಕಾರಿನೊಳಗೆ ಇಣುಕಿದ. ಮುರಳಿಮೋಹನ್ ಗುಂಡಿ ಒತ್ತಿ ತೋರಿಸಿದ. ಕೆಂಪು ದೀಪ ಮಿಟುಕಿತು.

"ಅಯ್ಯೋ, ರಾಗಿ ಮೂಟೆ ಎಲ್ಲಿ?"

"ಮಾವನ್ನ ಇಳಿಸ್ಬೇಕಾದ್ರೆ ಮೊದ್ಲು ಅದನ್ನೇ ಎಳೆದು ಹಾಕಿದ್ವಿ," ಎಂದ ಮುರಳಿ. "ಎಳೆದ ತಕ್ಷಣ ಎಂಜಿನ್ನೂ ಆಫ್ ಆಯ್ತು. ಆ ಗಾಬರೀಲಿ ಯಾರು ನೋಡ್ತಾರೆ."

ಮೂಟೆಯನ್ನು ಬೆಳಿಗ್ಗೆಯೇ ಬಿಚ್ಚಿಯಾಗಿತ್ತು. ಹೆಣದ ತಲೆದೆಸೆಯ ದೀಪ ನಿಂತಿದ್ದು ಅದೇ ರಾಗಿಯ ಮೇಲೆ.

ಕನಕರಾಜ್ ತಲೆ ಚಚ್ಚಿಕೊಂಡ. "ಎಡಗಡೆ ಸೀಟಲ್ಲಿ ಒಬ್ರು ಕೂತು ಬೆಲ್ಟ್ ಹಾಕ್ದಿದ್ರೆ ಇದು ಸ್ಟಾರ್ಟ್ ಆಗಲ್ಲ ಸಾರ್. ಎದ್ರೆ ಆಫ್. ಹೊಸ ಕಾರ್‌ಗಳಲ್ಲಿ ಬೆಲ್ಟ್ ಹಾಕ್ದಿದ್ರೆ ಕುಂಯ್ ಅನ್ನುತ್ತಲ್ಲ, ಆ ವೈರು. ಅದನ್ನ ತಗೊಂಡೋಗಿ ಸ್ಟಾರ್ಟರ್‌ಗೆ ಕೊಡು ಅಂದ್ರು. ಲೋಕದಲ್ಲಿ ಯಾರೂ ಹಿಂಗೆ ಮಾಡಲ್ಲ ಸ್ವಾಮಿ, ಒಬ್ರೇ ಎಲ್ಲಿಗೂ ಹೋಗಾಕಾಗಲ್ಲ ಅಂತ ಜಗಳ ಆಡ್ದೆ. ಕೇಳ್ಲಿಲ್ಲ."

"ಯಾಕಂತೆ?" ಎಂದಳು ಮಂಗಮ್ಮ.

ಕನಕರಾಜ್ ಅವಳ ಮುಖ ನೋಡಲಿಲ್ಲ. "'ಅದು ಅವಳ ಸೀಟು. ಅವಳಿಲ್ದೆ ಈ ಗಾಡಿ ಎಲ್ಲಿಗೆ ಹೋಗ್ಬೇಕು? ಹೋಗ್ಬಾರ್ದು,' ಅಂದ್ರು ಕಣಮ್ಮ. ನೀವು ಕೂರೋ ತನಕ ಟ್ರಯಲ್‌ಗೆ ಅಂತ ಮೂಟೆ."

ಮಂಗಮ್ಮನಿಗೆ ಮೊದಲು ಬಂದದ್ದು ಕೋಪವೇ. ಇಪ್ಪತ್ತೈದು ವರ್ಷ ಬಾಯಿದ್ದೂ ಮೂಗನಂತಿದ್ದ ಮನುಷ್ಯ, ಚಿಂತಾಮಣಿಯ ಗುಜರಿಯವನಿಗೆ ಹೇಳಿದ್ದನ್ನು ಮನೆಯಲ್ಲಿ ಹೇಳಬಾರದಿತ್ತೇ?

* * *

ಹೇಳಲು ಬಂದಿದ್ದನೇನೋ. ನೆನ್ನೆ ಸಂಜೆ ಅವಳು ಹಿಟ್ಟು ತಿರುವುತ್ತಿದ್ದಾಗ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಿದ್ದ. ಗ್ರೀಸಿನ ಕೈಯನ್ನು ಅವಳ ಹಳೆಯ ಸೀರೆಯ ಚೂರಿಗೆ ಒರೆಸಿಕೊಳ್ಳುತ್ತಾ, "ಮಂಗಾ, ಕೆಲ್ಸ ಎಲ್ಲ ಮುಗೀತು. ಇನ್ನೇನೂ ಬಾಕಿ ಇಲ್ಲ. ಬಾ," ಎಂದಿದ್ದ.

ಅವಳು ತಿರುಗಿಯೂ ನೋಡಿರಲಿಲ್ಲ. "ಹಿಟ್ಟು ಗಂಟಾಗ್ತದೆ, ಕಾಣಲ್ವಾ? ನಿನ್ನ ರಾಗಿ ಮೂಟೆ ಐತಲ್ಲ, ಅದನ್ನೇ ಕೂರಿಸ್ಕೊಂಡು ಹೋಗು."

ಅವನು ಹಾಗೆಯೇ ಮಾಡಿದ್ದ.

* * *

"ಇಷ್ಟೇನಾ? ನಾನು ಕೂರ್ತೀನಿ ಬಿಡಿ," ಎಂದು ಚಲಪತಿ ಪಂಚೆ ಎತ್ತಿ ಕಟ್ಟಿದ. "ಹೊತ್ತು ಮುಳುಗ್ತಾ ಐತೆ."

ಅವನು ಎಡಬಾಗಿಲಿಗೆ ಕೈಹಾಕುವ ಹೊತ್ತಿಗೆ ಮಂಗಮ್ಮ ಎದ್ದು ಬಂದಿದ್ದಳು.

"ಸರ್ಕೊಳ್ಳಿ ಭಾವ. ಬೋರ್‌ವೆಲ್ ತಗೊಂಡಿದ್ದು ಸಾಲ್ದಾ?"

"ಅಲ್ಲಮ್ಮಾ, ನಾಗಪ್ಪನ ಆಣೆ ಇಟ್ಟಿದ್ಯಲ್ಲ..."

"ನಾಗಪ್ಪನ ಹತ್ರ ನಾನು ಮಾತಾಡ್ಕೋತೀನಿ."

ಗೇಟಿನಿಂದ ಹೊಲದ ದಾರಿಯ ಕಟ್ಟೆಯವರೆಗೂ ಓಣಿಯ ಎರಡೂ ಬದಿ ಮನೆಗಳ ಗೋಡೆ. ಕಾರನ್ನು ಪಕ್ಕಕ್ಕೆ ಸರಿಸಲು ಜಾಗವಿಲ್ಲ. ಹಾಗಾಗಿ ಕಾರು ಮುಂದೆ, ಚಟ್ಟ ಹಿಂದೆ ಎಂದಾಯಿತು. ಮುರಳಿ ಸ್ಟಿಯರಿಂಗಿನ ಮುಂದೆ ಕೂತ. ಮಂಗಮ್ಮ ಸೆರಗು ಬಿಗಿದುಕೊಂಡು ಒಳಗೆ ಕಾಲಿಟ್ಟಳು. ಸ್ಪ್ರಿಂಗು ಚುಚ್ಚೀತೆಂದು ಮೈ ಬಿಗಿಹಿಡಿದು ಅರ್ಧ ಕೂತಳು. ಚುಚ್ಚಲಿಲ್ಲ. ಪೂರ್ತಿ ಕೂತಳು. ಮಾಲಾ ಅಳುತ್ತಲೇ ಬೆಲ್ಟ್ ಎಳೆದು ಅಮ್ಮನ ಎದೆಯ ಮೇಲಿಂದ ಹಾಯಿಸಿ ಸಿಕ್ಕಿಸಿದಳು.

ಕೆಂಪು ದೀಪ ಆರಿತು. ಮುರಳಿ ಗುಂಡಿ ಒತ್ತಿದ.

ಮಂಗಮ್ಮ ಸ್ವಲ್ಪ ಹೊತ್ತು ಕಾದಳು. "ಇನ್ನೂ ಸ್ಟಾರ್ಟ್ ಆಗ್ಲಿಲ್ವೇನಪ್ಪ?"

"ಆಗಿದೆ ಅತ್ತೆ."

ಸದ್ದೇ ಇರಲಿಲ್ಲ. ಡ್ಯಾಶ್‌ಬೋರ್ಡಿನ ಕೆಳಗೆ, ಅವಳ ಪಾದಗಳ ನೇರಕ್ಕೆ, ಗಂಡ ಎಸಿಯದೊಂದು ಕಿಂಡಿ ಕೊರೆದು ಕೂರಿಸಿದ್ದ. ತಣ್ಣನೆಯ ಗಾಳಿ ಬಂದು ಅಂಗಾಲಿಗೆ ತಾಗಿತು.

"ನಾನು ಬೈದಿದ್ದನ್ನೆಲ್ಲ ಬರೆದಿಟ್ಕೊಂಡಿದ್ನಾ ಈ ಮನುಷ್ಯ?" ಎಂದಳು. ಬೆಳಗಿನಿಂದ ಸರಿಯಾಗಿ ಬಾರದಿದ್ದ ಅಳು ಆಗ ಬಂತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ದೊಡ್ಡ ದನಿಯಲ್ಲೇ ಅತ್ತಳು.

ಕಾರು ನಡಿಗೆಯ ವೇಗದಲ್ಲಿ ಗೇಟು ದಾಟಿತು. ಹಿಂದೆ ತಮಟೆ, ಅದರ ಹಿಂದೆ ಚಟ್ಟ. ಮನೆಗಳ ಬಾಗಿಲಲ್ಲಿ ನಿಂತವರು ಚಟ್ಟಕ್ಕೆ ಕೈಮುಗಿಯುವ ಮೊದಲು ಕಾರಿನೊಳಗೆ ಕೂತಿದ್ದವಳನ್ನು ಬಾಯಿಬಿಟ್ಟು ನೋಡಿದರು. ಮಂಗಮ್ಮ ಬದಿಯ ಕನ್ನಡಿಯಲ್ಲಿ ಚಟ್ಟವನ್ನೇ ನೋಡುತ್ತಿದ್ದಳು.

ಕಟ್ಟೆಯ ಬಳಿ ಓಣಿ ಮುಗಿದು ಬಯಲಾಯಿತು. ಮುರಳಿ ಕಾರನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿದ, ಎಂಜಿನ್ ಆರಿಸಲಿಲ್ಲ. ಅಲ್ಲಿ ಚಟ್ಟ ಇಳಿಸಿ ಸತ್ತವನ ಕಿವಿಯಲ್ಲಿ ಮೂರು ಸಲ ಹೆಸರು ಕೂಗುವುದು ವಾಡಿಕೆ. ಹೋದ ಜೀವ ಎಲ್ಲಾದರೂ ತಿರುಗಿ ಬಂದೀತೆಂಬ ಕೊನೆಯ ಆಸೆ. ಅದಾದ ಮೇಲೆ ಗಂಡಸರು ಹೊಲಕ್ಕೆ ಹೋಗುತ್ತಾರೆ, ಹೆಂಗಸರು ಮನೆಗೆ ಹಿಂದಿರುಗುತ್ತಾರೆ.

ಚಲಪತಿ ಬಗ್ಗಿದ. ತಮಟೆ ನಿಂತಿತು.

"ಮುನಿವೆಂಕಟಪ್ಪಾ..."

ಮಂಗಮ್ಮ ಕಿಟಕಿಯ ಗಾಜು ಇಳಿಸಲು ಹಿಡಿ ಹುಡುಕಿದಳು. ಮುರಳಿ ಒಂದು ಗುಂಡಿ ಒತ್ತಿ ಇಳಿಸಿದ.

"ಮುನಿವೆಂಕಟಪ್ಪಾ..."

ಅವಳು ಕತ್ತು ಹೊರಗೆ ಹಾಕಿ ಕೇಳಿಸಿಕೊಂಡಳು. ಮೂರನೆಯ ಸಲ ಚಲಪತಿಯ ದನಿ ಒಡೆಯಿತು. ಯಾರೂ ಓ ಅನ್ನಲಿಲ್ಲ. ಗಂಡಸರು ಚಟ್ಟವನ್ನು ಮತ್ತೆ ಹೆಗಲಿಗೆ ಎತ್ತಿಕೊಂಡರು.

ಅಕ್ಕಯಮ್ಮ ಕಾರಿನ ಹತ್ತಿರ ಬಂದಳು. "ಇಳಿಯಮ್ಮಾ ಮಂಗಾ. ನಾವಿನ್ನು ಮುಂದಕ್ಕೆ ಹೋಗಂಗಿಲ್ಲ."

"ಒಂದು ನಿಮಿಷ ಇರು," ಎಂದಳು ಮಂಗಮ್ಮ. ಚಟ್ಟ ಬದುವಿನ ತಿರುವಿನಲ್ಲಿ ಮರೆಯಾಗುವವರೆಗೂ ಕೂತೇ ಇದ್ದಳು. ಕಾಲಿಗೆ ಗಾಳಿ ಬೀಳುತ್ತಲೇ ಇತ್ತು. ಆಮೇಲೆ ಸೊಂಟದ ಪಕ್ಕದಲ್ಲಿ ತಡಕಾಡಿ ಬೆಲ್ಟಿನ ಗುಂಡಿಯನ್ನು ತಾನೇ ಹುಡುಕಿ ಒತ್ತಿದಳು.

ಎಂಜಿನ್ ನಿಂತಿತು. ಅವಳು ಇಳಿದು ಹೆಂಗಸರ ಜೊತೆ ಮನೆಯ ಕಡೆ ನಡೆದಳು. ಹಿಂದೆ, ತೆರೆದೇ ಇದ್ದ ಎಡಬಾಗಿಲಿನೊಳಗೆ, ಕೆಂಪು ದೀಪ ಮಿಟುಕತೊಡಗಿತು.