ಹನ್ನೊಂದು ಮಂದಿಯ ಭಯ

ಲಂಡನ್ನಿನ ಫೆಲ್ಥಮ್‌ನ ಸಮೀಕ್ಷಾ ಕಚೇರಿಯಲ್ಲಿ ಕೂತು ಅಮೆರಿಕನ್ನರಿಗೆ ಫೋನ್ ಮಾಡಿ, ಚೀನಾ ಬೆಳೆಯುತ್ತಿರುವುದಕ್ಕೆ ನಿಮಗೆ ಭಯವಿದೆಯೇ ಎಂದು ಕೇಳುವುದು ನನ್ನ ಕೆಲಸ. ಓಹಿಯೋದ ಅಜ್ಜಿಯೊಬ್ಬಳು "ನನಗೆ ಗೊತ್ತಿಲ್ಲ" ಎಂದಳು.

ಪಕ್ಕದಲ್ಲಿದ್ದ ವಿಜಯಪುರದ ಸೌಂದರ್ಯಾ ಪಿಸುಗುಟ್ಟಿದಳು: "ಅದನ್ನ ಬರಿಬ್ಯಾಡ. 'ಗೊತ್ತಿಲ್ಲ' ಭಾಳ ಆದ್ರ ಸೂಪರ್‌ವೈಸರ್ ಬೈತಾನ."

ಹಾಳಾಗಿ ಹೋಗಲಿ ಎಂದು "ತುಂಬಾ ಭಯ" ಎಂಬುದನ್ನು ಒತ್ತಿದೆ. ಆ ವಾರ ಅಂಥ ಹನ್ನೊಂದು ಮಂದಿಯನ್ನು ಕೂತಲ್ಲೇ ಹೆದರಿಸಿದೆ.

ತಿಂಗಳಾದ ಮೇಲೆ ಲಿಫ್ಟಿನಲ್ಲಿ, ನಮ್ಮ ಮೇಲಿನ ಫ್ಲಾಟಿನ ಮಿಸೆಸ್ ಲಿನ್ ಫೋನಿನಲ್ಲಿ ಅದೇ ಸಮೀಕ್ಷೆಯ ಸುದ್ದಿ ತೋರಿಸಿದಳು. ಚೀನಾದಾಕೆ, ಯುಗಾದಿಗೆ ನಮ್ಮ ಹೋಳಿಗೆ ಕೇಳಿ ತಿನ್ನುವವಳು. ಅವಳ ಮಗಳು ಅಮೆರಿಕದಲ್ಲಿ ನರ್ಸ್.

"ಅಲ್ಲಿಯವರು ನಮ್ಮನ್ನ ಕಂಡ್ರೆ ಯಾಕಮ್ಮ ಇಷ್ಟೊಂದು ಹೆದರ್ತಾರೆ?" ಎಂದು ಕೇಳಿದಳು.

"ಗೊತ್ತಿಲ್ಲ" ಎಂದೆ, ತಲೆ ತಗ್ಗಿಸಿ.

ಆಕೆ ಆ ಉತ್ತರವನ್ನು ಹಾಗೆಯೇ ಒಪ್ಪಿಕೊಂಡಳು.